ರೇವಣಪ್ಪ ಅಭಿಮಾನಿ ಬಳಗ, ಟ್ರಾಯ್

ಸಾಯುವುದರಲ್ಲಿ ರೇವಣಪ್ಪನನ್ನು ಮೀರಿಸುವವರು ಡೆಟ್ರಾಯಿಟ್ ಸೀಮೆಯ ಕನ್ನಡಿಗರಲ್ಲಿ ಯಾರೂ ಇರಲಿಲ್ಲ. ಬಾಣ ತಾಗಿ, ವಿಷ ಕುಡಿದು, ಸೇನಾಪತಿಯ ಕತ್ತಿಗೆ ಸಿಕ್ಕಿ, ಒಂದು ಸಲವಂತೂ ಬರೀ ಅವಮಾನ ತಾಳಲಾರದೆ, ಕನ್ನಡ ಕೂಟದ ನಾಟಕಗಳಲ್ಲಿ ಅವನು ವರ್ಷ ವರ್ಷವೂ ದೊರೆಯಾಗಿ ಮೆರೆದು ದೊರೆಯಾಗಿಯೇ ಸತ್ತಿದ್ದ. ಜನರ ತಕರಾರು ಏನಿದ್ದರೂ ಅವನು ಸಾಯಲು ತೆಗೆದುಕೊಳ್ಳುವ ಹೊತ್ತಿನ ಬಗ್ಗೆ. ರೇವಣಪ್ಪ ಬೀಳುತ್ತಿದ್ದ; ಜನ ಇನ್ನೇನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಎದ್ದು ಕೂತು ತಾಯ್ನೆಲದ ಬಗ್ಗೆ ಒಂದಿಷ್ಟು ಮಾತಾಡುತ್ತಿದ್ದ. ಮತ್ತೆ ಬೀಳುತ್ತಿದ್ದ. ಮತ್ತೆ ಏನೋ ನೆನಪಾಗುತ್ತಿತ್ತು. ಹಿಂದಿನ ಸಾಲಿನವರು ಎದ್ದು ಹೋಗಿ, ಕಾಫಿ ಕುಡಿದು, ಪಾರ್ಕಿಂಗ್ ಲಾಟಿನಲ್ಲಿ ನಿಂತು ಊರಿಗೊಂದು ಫೋನ್ ಮಾಡಿ ಬಂದರೂ ದೊರೆಯ ಪ್ರಾಣ ಇನ್ನೂ ಗಂಟಲಲ್ಲೇ ಇರುತ್ತಿತ್ತು.

ಈ ವರ್ಷದ ನಾಟಕ ಆಡಿಸುವ ಹೊಣೆ ಸಾಕೇತ್ ಎಂಬ ಹುಡುಗನ ಪಾಲಿಗೆ ಬಂದಿತ್ತು. ಹಗಲು ಸಾಫ್ಟ್‌ವೇರು ಪರೀಕ್ಷೆ ಮಾಡುತ್ತಿದ್ದ ಸಾಕೇತ್ ಸಂಜೆಯಾದರೆ ಕಪ್ಪು ಟೀ ಶರ್ಟು ಹಾಕಿಕೊಂಡು 'ಮಿನಿಮಲ್' ಎಂಬ ಮಾತನ್ನು ಹೇಳುತ್ತ ಓಡಾಡುತ್ತಿದ್ದ. ಯುಗಾದಿಯ ಊಟದಲ್ಲಿ ಅವನು ರೇವಣಪ್ಪನ ಪಕ್ಕದಲ್ಲಿ ಬಂದು ಕೂತು, ಹೋಳಿಗೆ ಮುರಿಯುತ್ತ ವಿಷಯಕ್ಕೆ ಬಂದ.

"ಅಂಕಲ್, ಹೋದ ವರ್ಷದ 'ಬೆಟ್ಟದೂರ ದೊರೆ'ನೇ ಈ ಸಲನೂ ಮಾಡ್ತಿದೀವಿ. ಫ್ರೆಶ್ ಆಗಿ. ನೀವು ರಾಜಗುರು."

"ರಾಜಗುರು ಏನ್ ಮಾಡ್ತಾನ?"

"ಮೊದಲನೇ ಸೀನಲ್ಲಿ ಆಶೀರ್ವಾದ ಮಾಡ್ತಾರೆ."

"ಆಮ್ಯಾಲ?"

"ಕಾಶಿಗೆ ಹೋಗ್ತಾರೆ."

"ಕಾಶ್ಯಾಗ ಸಾಯ್ತಾನೇನು?"

"ಸಾಯ್ತಾರೇನೋ. ಅದನ್ನ ನಾವು ತೋರಿಸಲ್ಲ ಅಂಕಲ್."

ದೊರೆಯ ಪಾತ್ರ ದಿನೇಶನಿಗಂತೆ. ದಿನೇಶ ರೇವಣಪ್ಪನ ಆಫೀಸಿನಲ್ಲೇ ಐಟಿ ವಿಭಾಗದಲ್ಲಿದ್ದ ಮಂಡ್ಯದ ಹುಡುಗ. ಹೋದ ವರ್ಷ ರಾಜಕುಮಾರನಾಗಿ, ಸಾಯುವ ದೊರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಕೊನೆಗೆ ಕಾಲು ಜೋಮು ಹಿಡಿದು ನಿಜಕ್ಕೂ ಅತ್ತಿದ್ದ. ಕಡೇ ತೀರ್ಮಾನ ಬೇಸಿಗೆ ಮುಗಿದು ರಿಹರ್ಸಲ್ ಶುರುವಾಗುವಾಗ ಎಂದು ಸಾಕೇತ್ ಮರ್ಯಾದೆಗೆ ಹೇಳಿದ. ಆ ಮರ್ಯಾದೆಯ ಎಳೆಯನ್ನೇ ರೇವಣಪ್ಪ ಗಟ್ಟಿಯಾಗಿ ಹಿಡಿದುಕೊಂಡ.

ಅವನ ಆಫೀಸು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ, ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡಿಕೊಡುವ ಒಂದು ಜಪಾನೀ ಕಂಪನಿಯದು. ಅಲ್ಲಿನ ವೈಸ್ ಪ್ರೆಸಿಡೆಂಟ್ ಹಯಾಶಿಯವರ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ತಿಂಗಳಿಗೊಬ್ಬ ಕಬುಕಿ ಎಂಬ ಜಪಾನೀ ನಾಟಕದ ನಟ, ಹಳೆಯ ಕಾಲದ ಮರದಚ್ಚಿನ ಚಿತ್ರ. ಒಬ್ಬ ಹಲ್ಲು ಕಚ್ಚಿ ಮೆಳ್ಳೆಗಣ್ಣು ಮಾಡಿದ್ದಾನೆ, ಇನ್ನೊಬ್ಬ ಕಾಲ ಹೆಬ್ಬೆರಳನ್ನು ಕೂಡ ಸಿಟ್ಟಿನಿಂದ ಮೇಲೆತ್ತಿದ್ದಾನೆ. ರಬ್ಬರ್ ಪಟ್ಟಿಯ ದೂರುಗಳ ಬಗ್ಗೆ ಮಾತಾಡಲು ಹೋದಾಗಲೆಲ್ಲ ರೇವಣಪ್ಪನ ಕಣ್ಣು ಅತ್ತಲೇ ಹೋಗುತ್ತಿತ್ತು. ಯಾರು ಇವರು ಎಂದು ಕೇಳಿದ್ದಕ್ಕೆ ಹಯಾಶಿ ಹೇಳಿದ್ದರು: "ನಟರು. ಜನ ಇವರ ಚಿತ್ರ ಕೊಳ್ಳಲು ಅಂಗಡಿ ಮುಂದೆ ಮುಗಿಬೀಳುತ್ತಿದ್ದರು."

ಆ ಮಾತು ರೇವಣಪ್ಪನ ಎದೆಯಲ್ಲಿ ನಾಟಿತು. ತನ್ನದೂ ಹಾಗೊಂದು ಚಿತ್ರ ಗೋಡೆಯ ಮೇಲೆ ಬಂದುಬಿಟ್ಟರೆ, ಆ ಚಿತ್ರದ ಕೆಳಗೆ ನಿಂತು 'ನೀವು ಕಾಶಿಗೆ ಹೋಗಿ' ಎಂದು ಹೇಳುವ ಗಂಡಸು ಯಾವನು?

ಆದರೆ ತನ್ನ ಚಿತ್ರವನ್ನು ತಾನೇ ಮಾಡಿಸುವುದು ಹೇಗೆ? ಅದು ಅಹಂಕಾರ. ಅಭಿಮಾನಿಗಳು ಮಾಡಿಸಿದರೆ ಪ್ರೀತಿ. ಇದನ್ನು ಅವನು ಗದಗಿನಲ್ಲಿ ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಾನೇ ಕೊಂಡು, ಹಿಂದಿನ ಬಾಗಿಲಿಂದ ಅಭಿಮಾನಿ ಬಳಗದ ಕೈಗೆ ಕೊಟ್ಟು, ಮುಂದಿನ ಬಾಗಿಲಿಂದ ವೇದಿಕೆ ಹತ್ತಿ 'ಇದೆಲ್ಲಾ ಯಾಕ ಬೇಕಿತ್ತು' ಎಂದು ನಾಚಿಕೊಳ್ಳುವುದು ಅಲ್ಲಿನ ಮರ್ಯಾದಸ್ಥರ ಕ್ರಮ. ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ, ಅವರ ಮನೆಯ ಅಡುಗೆಮನೆಯಲ್ಲಿ, 'ರೇವಣಪ್ಪ ಅಭಿಮಾನಿ ಬಳಗ, ಟ್ರಾಯ್' ಸ್ಥಾಪನೆಯಾಯಿತು. ಹೆಂಡತಿ ಶೈಲಾ ಅಧ್ಯಕ್ಷೆ.

"ನಾನ್ಯಾವಾಗ ನಿಮ್ಮ ಅಭಿಮಾನಿ ಆದೆ?" ಮೈಸೂರಿನ ಶೈಲಾ ದೋಸೆ ಮಗುಚುತ್ತ ಕೇಳಿದಳು.

"ಮದುವಿ ಆದಾಗಿಂದ."

"ಮದುವೆ ಬೇರೆ, ಅಭಿಮಾನ ಬೇರೆ ಕಣ್ರೀ."

"ಬರೇ ಹೆಸರಿಗೆ ಇರು ಮಾರಾಯ್ತಿ. ನಿನ್ನ ಇಮೇಲಿಂದ ಕಳಸ್ತೀನಿ, ನನ್ನ ಹೆಸರಿಂದ ಹೋದ್ರ ಚಂದ ಕಾಣೂದಿಲ್ಲ."

ಶಿಕಾಗೋದಲ್ಲಿ ಅನಿಕಾ ಎಂಬ ಹುಡುಗಿ ಇದ್ದಳು. ಅಲ್ಲಿಯೇ ಹುಟ್ಟಿದವಳು, ಅಪ್ಪ ಅಮ್ಮ ದಾವಣಗೆರೆಯವರು. ಮೆಡಿಕಲ್ ಓದಲಿ ಎಂದು ಅವರು ಕಾಯುತ್ತಿರುವಾಗ ಕ್ಯೋಟೋಗೆ ಹೋಗಿ ಮರದಚ್ಚಿನ ಕೆಲಸ ಕಲಿತು ಬಂದಳು. ತೆಳ್ಳನೆಯ ಕಾಗದದ ಮೇಲೆ ಬರೆದ ಚಿತ್ರವನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆ ಉಳಿಸಿ ಮಿಕ್ಕಿದ್ದನ್ನು ಕೆತ್ತಿ ತೆಗೆಯುತ್ತಾಳೆ, ಬಣ್ಣಕ್ಕೊಂದು ಹಲಗೆ, ಕಾಗದದ ಬೆನ್ನನ್ನು ಅಂಗೈಯಗಲದ ಬಿಲ್ಲೆಯಿಂದ ತಿಕ್ಕಿ ತಿಕ್ಕಿ ಅಚ್ಚು ತೆಗೆಯುತ್ತಾಳೆ. ಹಿಂದೆ ಈ ಕೆಲಸಕ್ಕೆ ಬರೆಯುವವ, ಕೆತ್ತುವವ, ಅಚ್ಚೊತ್ತುವವ, ಎಲ್ಲರನ್ನೂ ಓಡಾಡಿಸುವ ಪ್ರಕಾಶಕ ಎಂದು ನಾಲ್ಕು ಜನ ಬೇಕಿತ್ತು. ಅನಿಕಾ ಒಬ್ಬಳೇ ನಾಲ್ವರೂ ಆಗಿ, ನಾಲ್ವರ ಬೆನ್ನುನೋವನ್ನೂ ಒಬ್ಬಳೇ ಅನುಭವಿಸುತ್ತಿದ್ದಳು.

ಮಾದರಿಗೆ ಒಂದು ಚಿತ್ರ ಕಳಿಸಿ ಎಂದು ಅವಳು ಬರೆದಳು. ಗಂಡ ಹೆಂಡತಿ ಕೂತು ಒಂದು ದೊಡ್ಡ ಮ್ಯೂಸಿಯಮ್ಮಿನ ವೆಬ್‌ಸೈಟು ಜಾಲಾಡಿದರು. ಮೆಳ್ಳೆಗಣ್ಣಿನವರೆಲ್ಲ ಬೇಡ, ಬಂದವರ ಮಕ್ಕಳು ಹೆದರಿ ಜ್ವರ ಬರಿಸಿಕೊಳ್ಳುತ್ತವೆ ಎಂದಳು ಶೈಲಾ. ಹುಡುಕುತ್ತ ಹುಡುಕುತ್ತ ಒಂದು ಚಿತ್ರ ಇಬ್ಬರಿಗೂ ಒಟ್ಟಿಗೇ ಹಿಡಿಸಿತು. ಅವರ ದಾಂಪತ್ಯದಲ್ಲಿ ಇದು ಅಪರೂಪ. ತಿಳಿನೀಲಿ ನಿಲುವಂಗಿ ತೊಟ್ಟ ನಟ. ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ತಾವರೆ, ಮುಖದಲ್ಲಿ ಋಷಿಗಳಿಗಿರುವಂಥ ಶಾಂತಿ. ತಲೆಯ ಮೇಲೆ ಸಾಲುಸಾಲು ಜಪಾನೀ ಅಕ್ಷರ.

"ಬಿರುದಾವಳಿ ಇರಬೇಕು," ಎಂದ ರೇವಣಪ್ಪ.

ಬಿರುದಾವಳಿ ಅಲ್ಲ. ಗಂಡ ಹೆಂಡಿರಿಗೆ ಆಗ ತಿಳಿಯದ ಸಂಗತಿಯನ್ನು ಓದುವವರಿಗಾದರೂ ಹೇಳಿಬಿಡಬೇಕು. ಹಳೆಯ ಜಪಾನಿನಲ್ಲಿ ಹೆಸರಾಂತ ನಟನೊಬ್ಬ ತೀರಿಕೊಂಡರೆ ಪ್ರಕಾಶಕರು ರಾತ್ರೋರಾತ್ರಿ ಅವನ ಸಾವಿನ ಚಿತ್ರ ಅಚ್ಚು ಹಾಕಿಸಿ ಬೀದಿಗೆ ತರುತ್ತಿದ್ದರು. ತಿಳಿನೀಲಿ ನಿಲುವಂಗಿ, ಜಪಮಾಲೆ, ತಾವರೆ, ಇವೇ ಅದರ ಗುರುತು. ಮೇಲಿನ ಬರಹದಲ್ಲಿ ಸತ್ತ ದಿನ, ವಯಸ್ಸು, ಸತ್ತ ಮೇಲೆ ಭಿಕ್ಷುಗಳು ಇಡುವ ಹೊಸ ಹೆಸರು. ಅವಸರದಲ್ಲಿ ಒಮ್ಮೊಮ್ಮೆ ತಾರೀಖು ತಪ್ಪುತ್ತಿತ್ತು, ವಯಸ್ಸು ತಪ್ಪುತ್ತಿತ್ತು. ಅಭಿಮಾನಿಗಳಿಗೆ ಅದರ ಪರಿವೆ ಇರಲಿಲ್ಲ. ಕೊಂಡುಕೊಂಡು ಎದೆಗೊತ್ತಿಕೊಂಡು ಅಳುತ್ತಿದ್ದರು.

ಇದೆಲ್ಲ ಬಲ್ಲ ಅನಿಕಾಳಿಗೆ 'ರೇವಣಪ್ಪ ಅಭಿಮಾನಿ ಬಳಗ'ದ ಹೆಸರಿನಲ್ಲಿ ಶೈಲಾ ಎಂಬ ಹೆಂಗಸಿನ ಇಮೇಲಿನಿಂದ ಆ ಚಿತ್ರ ಹೋಯಿತು. 'ಇದ್ದಂತೆಯೇ ಮಾಡಿ, ಏನನ್ನೂ ಬಿಡಬೇಡಿ' ಎಂಬ ಸೂಚನೆ. ಜೊತೆಗೆ ರೇವಣಪ್ಪನದೊಂದು ಫೋಟೋ, ಒಂದು ಪರಿಚಯ: 'ಶ್ರೀಯುತರು ಗದಗಿನಲ್ಲಿ ಜನಿಸಿದರು. ರಂಗಭೂಮಿಗಾಗಿ ಬಾಳನ್ನೇ ಸವೆಸಿದರು. ಅವರಂಥ ನಟ ಮತ್ತೆ ಬರಲಾರ.' ಮರುದಿನವೇ ಅನಿಕಾ ಫೋನ್ ಮಾಡಿದಳು. ರೇವಣಪ್ಪ ತಾನು ಬಳಗದ ಕಾರ್ಯದರ್ಶಿ ಎಂದು ಹೇಳಿಕೊಂಡ.

"ಅಂಕಲ್, ಸೋ ಸಾರಿ ಟು ಬಾದರ್ ಯು," ಅವಳು ಬಹಳ ಮೆತ್ತಗೆ ಕೇಳಿದಳು. "ಅವರ ಲಾಸ್ಟ್ ಸೀನ್... ವೆನ್ ವಾಸ್ ಇಟ್?"

"ಹ್ವಾದ ವರ್ಷ ಅಕ್ಟೋಬರ್. ಡೆಸ್ ಪ್ಲೇನ್ಸ್‌ನಾಗ, ನಿಮ್ಮ ಊರ ಬಾಜೂಕನ. ಸ್ಟೇಜ್ ಮ್ಯಾಲ."

"ಓ ಮೈ ಗಾಡ್. ಆನ್ ಸ್ಟೇಜ್?"

"ಮತ್ತೆಲ್ಲಿ? ಕಲಾವಿದ ಅಲ್ಲೇ ಸಾಯಬೇಕು ತಂಗಿ. ಬಿದ್ರು. ಆಮ್ಯಾಲ ಎದ್ದು ಕೂತು ಮಾತಾಡಿದ್ರು. ಮತ್ತ ಬಿದ್ರು."

"ಎದ್ರಾ? ಡಿಡ್ ನೋಬಡಿ ಕಾಲ್ 911?"

"ಯಾಕ ಕರೀತಾರ? ಜನ ಚಪ್ಪಾಳಿ ಹೊಡ್ಯಾಕತ್ತಿದ್ರು!"

ಅನಿಕಾ ಆ ಮಾತನ್ನು ಅಲ್ಲಿಗೇ ಬಿಟ್ಟು, ಅವರಿಗೆ ಏನಾದರೂ ಹೊಸ ಹೆಸರು, ಗೌರವದ ಹೆಸರು ಕೊಟ್ಟಿದ್ದೀರಾ ಎಂದು ಕೇಳಿದಳು. ರೇವಣಪ್ಪ ಒಂದು ಕ್ಷಣವೂ ತಡಮಾಡಲಿಲ್ಲ. "ನಟಕೇಸರಿ. ಬಳಗದವರು ಕೊಟ್ಟಿದ್ದು. ಕೇಸರಿ ಅಂದ್ರ ಸಿಂಹ." ಅವಳು ಬರೆದುಕೊಂಡಳು. ಈ ಜನ ವಿಚಿತ್ರ, ಆದರೆ ಎಂಥ ಪ್ರೀತಿ ಎಂದುಕೊಂಡು, ಉಳಿದೆಲ್ಲ ಕೆಲಸ ಬದಿಗಿಟ್ಟು ಕೂತಳು. ಮೀಸೆಯೊಂದನ್ನೇ ವಾರಗಟ್ಟಲೆ ಕೆತ್ತಿದಳು.

ಚಿತ್ರಗಳ ಕಟ್ಟು ಟ್ರಾಯ್‌ಗೆ ಬಂದಾಗ ಅದರೊಳಗೆ ಒಂದು ಪೊಟ್ಟಣ ಜಪಾನೀ ಊದುಬತ್ತಿಯೂ ಇತ್ತು. "ಎಂಥ ಸಂಸ್ಕಾರದ ಹುಡುಗಿ," ಎಂದು ಶೈಲಾ ಅದನ್ನು ದೇವರ ಮುಂದೆ ಹಚ್ಚಿದಳು. ರೇವಣಪ್ಪ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ತನ್ನ ಮುಖದಲ್ಲಿ ತಾನು ಎಂದೂ ಕಾಣದ ನೆಮ್ಮದಿ ಅಲ್ಲಿತ್ತು. ಮೀಸೆಯ ಒಂದೊಂದು ಕೂದಲೂ ಬೇರೆಬೇರೆ. ನಿಲುವಂಗಿಯ ನೀಲಿ ಕೆಳಗಿಳಿಯುತ್ತ ಇಳಿಯುತ್ತ ಬೆಳಗಿನ ಆಕಾಶದ ಹಾಗೆ ಕರಗಿ ಹೋಗಿತ್ತು.

ಕನ್ನಡ ಕೂಟದ ಬೇಸಿಗೆ ಪಿಕ್‌ನಿಕ್ಕಿನಲ್ಲಿ ಬಳಗವು ಅದನ್ನು ಅವನಿಗೇ ಅರ್ಪಿಸಿತು. ಅವನು 'ಇದೆಲ್ಲಾ ಯಾಕ ಬೇಕಿತ್ತು' ಎಂದ. ಯಾರೋ ಉತ್ಸಾಹಿಗಳು ಚಿತ್ರಕ್ಕೆ ಹಾರ ಹಾಕಲು ಬಂದಾಗ ಶೈಲಾ ಗದರಿದಳು: "ಏನ್ರೀ ಇದು, ಬದುಕಿರೋರ ಫೋಟೋಗೆ ಯಾರಾದ್ರೂ ಹಾರ ಹಾಕ್ತಾರಾ? ಬುದ್ಧಿ ಬೇಡ್ವಾ?" ಎಲ್ಲರೂ ಒಪ್ಪಿ ತಲೆಯಾಡಿಸಿದರು. ಸಾಕೇತ್ ಮಾತ್ರ ತಲೆ ಓರೆಮಾಡಿ ಬಹಳ ಹೊತ್ತು ನೋಡಿದ.

"ಸಖತ್ತಾಗಿದೆ ಅಂಕಲ್. ಕೈಯಲ್ಲಿ ಜಪಮಾಲೆ, ಮುಖದಲ್ಲಿ ಶಾಂತಿ. ನಾನು ಹೇಳಿದ್ದು ಇದೇನೇ. ಕರೆಕ್ಟ್ ರಾಜಗುರು."

ಆ ದಿನ ರೇವಣಪ್ಪ ಮೆಕ್ಕೆಜೋಳವನ್ನೂ ಮುಟ್ಟಲಿಲ್ಲ.

ಉಳಿದದ್ದು ಒಂದೇ ದಾರಿ. ಈ ಕಲೆಯ ಬೆಲೆ ಗೊತ್ತಿದ್ದ ಮನುಷ್ಯ ಒಬ್ಬರೇ. ಸೋಮವಾರ ಅವನು ಒಂದು ಪ್ರತಿಯನ್ನು ಸುರುಳಿ ಸುತ್ತಿಕೊಂಡು ಹಯಾಶಿಯವರ ಕೋಣೆಗೆ ಹೋದ. ಹಯಾಶಿ ಎರಡೂ ಕೈಯಲ್ಲಿ ತೆಗೆದುಕೊಂಡು ಬಿಚ್ಚಿದರು. ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದರು, ರೇವಣಪ್ಪನ ಮುಖ ನೋಡಿದರು, ಮತ್ತೆ ಓದಿದರು. ತಾರೀಖು ಹೋದ ವರ್ಷದ್ದು; ಇಂಥ ಚಿತ್ರಗಳಲ್ಲಿ ತಾರೀಖು ತಪ್ಪುವುದು ಹೊಸದಲ್ಲ ಎಂದುಕೊಂಡರು. ಆಮೇಲೆ ಕುರ್ಚಿಯಿಂದ ಎದ್ದು ನಿಂತು, ಸೊಂಟದವರೆಗೆ ಬಾಗಿದರು.

"ರೇವಣಪ್ಪ ಸಾನ್," ಎಂದರು, ಜಪಾನೀ ರೀತಿಯಲ್ಲಿ ಹೆಸರಿಗೆ ಗೌರವ ಸೇರಿಸಿ, ಇಂಗ್ಲಿಷಿನಲ್ಲಿ. "ಮನೆಯವರಿಗೆ ಗೊತ್ತೇ?"

"ಅವಳೇ ಅಧ್ಯಕ್ಷೆ," ಎಂದ ರೇವಣಪ್ಪ.

"ಧೈರ್ಯವಂತ ಹೆಂಗಸು." ಅವರು ಕಿಟಕಿಯ ಕಡೆ ತಿರುಗಿಕೊಂಡರು. "ಇಷ್ಟು ಘನತೆಯಿಂದ ತಿಳಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ಹೇಳಿ, ನಿಮ್ಮ ಇಚ್ಛೆ ಏನಾದರೂ ಇದೆಯೇ?"

ಇಂಥ ಅವಕಾಶ ಜನ್ಮಕ್ಕೊಮ್ಮೆ ಬರುವಂಥದ್ದು. "ಇನ್ನೊಂದು ಸಲ ದೊರೆಯಾಗಿ ಸ್ಟೇಜಿನ ಮೇಲೆ ಸಾಯಬೇಕು, ಅಷ್ಟೇ," ಎಂದ ರೇವಣಪ್ಪ. "ಆದರೆ ನಮ್ಮ ಐಟಿಯ ದಿನೇಶನಿಗೆ ಆ ಪಾತ್ರ ಕೊಟ್ಟುಬಿಟ್ಟಿದ್ದಾರೆ." ಹಯಾಶಿ ಕನ್ನಡಕ ತೆಗೆದು ಒರೆಸಿಕೊಂಡರು.

ಅಲ್ಲಿಂದ ಮುಂದೆ ರೇವಣಪ್ಪನ ಬದುಕು ಸುಗಮವಾಯಿತು. ಎಚ್‌ಆರ್‌ನವರು ಬಂದು, ಬೇಕಾದಾಗ ಮನೆಯಿಂದಲೇ ಕೆಲಸ ಮಾಡಿ ಎಂದರು. ಮೇಜಿನ ಮೇಲೆ ಒಂದು ಪೆಟ್ಟಿಗೆಯಲ್ಲಿ ರೇಷ್ಮೆಬಟ್ಟೆ ಸುತ್ತಿದ ಕರಬೂಜ ಬಂದು ಕೂತಿತು. ರಬ್ಬರ್ ಪಟ್ಟಿಯ ದೂರುಗಳೆಲ್ಲ ಬೇರೆಯವರ ಮೇಜಿಗೆ ಹೋದವು. ಜಪಾನಿನವರು ಕಲಾವಿದರನ್ನು ನೋಡಿಕೊಳ್ಳುವ ರೀತಿ ನೋಡಿ ಅವನ ಎದೆ ತುಂಬಿ ಬಂತು.

ಆ ವಾರದ ಕೊನೆಯಲ್ಲಿ ದಿನೇಶ ಮನೆಗೇ ಬಂದ. ಕೈಯಲ್ಲಿ ಹಣ್ಣು, ಕಣ್ಣಲ್ಲಿ ನೀರು. ರೇವಣಪ್ಪನ ಕಾಲು ಮುಟ್ಟಿದ.

"ಅಂಕಲ್, ದೊರೆ ನೀವೇ. ನಾನು ಸಾಕೇತ್‌ಗೆ ಹೇಳಿದೀನಿ. ನಂಗೆ ರಾಜಕುಮಾರನೇ ಸಾಕು."

"ಯಾಕ ತಮ್ಮಾ, ನಿನಗೂ ಆಸೆ ಇತ್ತಲ್ಲ?"

"ನನ್ನ ಆಸೆ ಏನಂಕಲ್, ನಂಗಿನ್ನೂ ಟೈಮಿದೆ," ಎಂದವನೇ ಬಿಕ್ಕಿ, ಚಪ್ಪಲಿ ಅದಲು ಬದಲು ಹಾಕಿಕೊಂಡು ಹೊರಟುಹೋದ.

ಸಾಕೇತನ ಫೋನು ಅದರ ಹಿಂದೆಯೇ ಬಂತು. "ಅಂಕಲ್, ಲಾಸ್ಟ್ ಸೀನ್ ನೀವು ಎಷ್ಟೊತ್ತು ಬೇಕಾದ್ರೂ ತಗೊಳ್ಳಿ. ಮಿನಿಮಲ್ ಗಿನಿಮಲ್ ಎಲ್ಲಾ ಮುಂದಿನ ವರ್ಷ ನೋಡ್ಕೊಳೋಣ."

"ಏನೋ ಸರಿ ಇಲ್ಲ ಕಣ್ರೀ," ಎಂದಳು ಶೈಲಾ. "ಯಾಕೆ ಎಲ್ಲರೂ ಇಷ್ಟು ಒಳ್ಳೆಯವರಾಗ್ಬಿಟ್ರು? ಅಂಗಡೀಲಿ ಸಿಕ್ಕಿದವರೆಲ್ಲ ನನ್ನ ಕೈ ಹಿಡ್ಕೊಂಡು 'ಧೈರ್ಯವಾಗಿರಿ' ಅಂತಾರೆ."

"ನನ್ನಂಥಾ ಕಲಾವಿದನ ಜೋಡಿ ಬಾಳ್ವಿ ಮಾಡಾಕ ಧೈರ್ಯ ಬೇಕಲ್ಲ," ಎಂದ ರೇವಣಪ್ಪ.

ಅಕ್ಟೋಬರಿನಲ್ಲಿ, ಹೋದ ವರ್ಷದ ಹಾಗೆಯೇ ಶಿಕಾಗೋ ಕನ್ನಡಿಗರ ಕರೆಯ ಮೇಲೆ, ಎರಡು ವ್ಯಾನುಗಳಲ್ಲಿ ತಂಡ ಅತ್ತ ಹೊರಟಿತು. ಡೆಸ್ ಪ್ಲೇನ್ಸ್‌ನ ಸಭಾಂಗಣ ಓಹೇರ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಇತ್ತು. ದೊರೆ ಬಾಯಿ ತೆರೆದಾಗಲೆಲ್ಲ ತಲೆಯ ಮೇಲೊಂದು ವಿಮಾನ. ಆದರೂ ಆ ದಿನ ನಿಲ್ಲಲು ಜಾಗವಿರಲಿಲ್ಲ. ಹಯಾಶಿಯವರು ಕಪ್ಪು ಸೂಟಿನಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದರು. ಬಾಗಿಲ ಬಳಿ ನೀಲಿ ಚಿತ್ರ ತೂಗುಹಾಕಿದ್ದರು. ಅದರ ಮುಂದೆ ಯಾರೋ ಮೌನವಾಗಿ ಹೂವಿಟ್ಟು ಹೋಗಿದ್ದರು.

ಶೈಲಾ ಕಿರೀಟ ಹಿಡಿದು ಪಕ್ಕದಲ್ಲಿ ನಿಂತಿರಲು, ರೇವಣಪ್ಪ ಬಣ್ಣದ ಕೋಣೆಯಲ್ಲಿ ಗಡ್ಡಕ್ಕೆ ಅಂಟು ಹಚ್ಚಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಬೆರಳುಗಳ ಮೇಲೆ ಉಳಿ ತಾಗಿದ ಗಾಯದ ಗುರುತು. "ಶೈಲಾ ಆಂಟಿ? ನಾನು ಅನಿಕಾ. ಅವರ ನೆನಪಿನ ನಾಟಕ ಅಂತ ನೋಡಕ್ಕೆ ಬಂದೆ..." ಎನ್ನುತ್ತ ಕನ್ನಡಿಯೊಳಗಿನ ದೊರೆಯ ಮುಖ ನೋಡಿದಳು. ವಾರಗಟ್ಟಲೆ ತಾನೇ ಕೆತ್ತಿದ ಮೀಸೆ. ಅವಳು ಕಿಟಾರನೆ ಕಿರುಚಿದ ಸದ್ದನ್ನು ಮೇಲೆ ಹೋಗುತ್ತಿದ್ದ ವಿಮಾನವೊಂದು ನುಂಗಿಹಾಕಿತು.

"ಯೂ ಆರ್ ಡೆಡ್!"

"ಇನ್ನೂ ಇಲ್ಲ ತಂಗಿ, ಮೂರನೇ ಅಂಕದಾಗ," ಎಂದ ರೇವಣಪ್ಪ.

ಅವಳು ಕುರ್ಚಿಯಲ್ಲಿ ಕುಸಿದು, ನೀರು ಕುಡಿದು, ಆ ನೀಲಿಯ ಅರ್ಥವೇನು, ಜಪಮಾಲೆಯ ಅರ್ಥವೇನು, ಮೇಲೆ ಬರೆದದ್ದೇನು ಎಂದು ಒಂದೊಂದಾಗಿ ಹೇಳಿದಳು. ರೇವಣಪ್ಪನಿಗೆ ಮೊದಲು ನಗು ಬಂತು. ಆಮೇಲೆ ಹಯಾಶಿಯವರು ಬಾಗಿದ್ದು ನೆನಪಾಯಿತು. ಕರಬೂಜ ನೆನಪಾಯಿತು. 'ನಂಗಿನ್ನೂ ಟೈಮಿದೆ' ಎಂದು ಬಿಕ್ಕಿದ ದಿನೇಶ ನೆನಪಾದಾಗ ನಗು ಎಲ್ಲಿ ಹೋಯಿತೋ ತಿಳಿಯದು. ಅರ್ಧ ಗಡ್ಡದಲ್ಲೇ ಶೈಲಾಳ ಕಡೆ ತಿರುಗಿದ.

"ಅಂದ್ರ ನನ್ನ ನಟನೆ ನೋಡಿ ಕೊಟ್ಟಿಲ್ಲ ಪಾತ್ರ?"

"ನಿಮ್ಮ ನಟನೆ ಎಲ್ಲರೂ ಮೊದಲೇ ನೋಡಿದಾರಲ್ಲಾರೀ," ಎಂದಳು ಶೈಲಾ. "ಹೋಗಿ ಹೇಳ್ಬಿಡಿ ಎಲ್ಲರಿಗೂ."

"ಈಗ ಹ್ಯಾಂಗ ಹೇಳೂದು? ಗಂಟಿ ಹೊಡದ್ರು."

"ಹೇಳದೆ ಇದ್ರೆ ಮುಂದಿನ ವರ್ಷದೊಳಗೆ ನೀವು ನಿಜವಾಗ್ಲೂ ಸಾಯಬೇಕಾಗತ್ತೆ. ಇಲ್ದಿದ್ರೆ ಯಾರೂ ಕ್ಷಮಿಸಲ್ಲ."

ಹೇಳಲು ಬಿಡುವೇ ಸಿಗಲಿಲ್ಲ. ಅವನು ರಂಗಕ್ಕೆ ಕಾಲಿಟ್ಟದ್ದೇ ಚಪ್ಪಾಳೆ. ಮಾತು ಮರೆತು ತಡವರಿಸಿದರೆ ಇನ್ನೂ ಜೋರು ಚಪ್ಪಾಳೆ. ಥರ್ಮೊಕೋಲಿನ ಕಿರೀಟ ಜಾರಿ ಕಿವಿಯ ಮೇಲೆ ಕೂತಾಗ ಯಾರೂ ನಗಲಿಲ್ಲ; ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮೂಗು ಒರೆಸಿಕೊಂಡಳು. ಕಾಫಿಗೆಂದು ಒಬ್ಬರೂ ಎದ್ದು ಹೋಗಲಿಲ್ಲ. ಎಷ್ಟೋ ವರ್ಷಗಳಿಂದ ಅವನು ಬಯಸಿದ್ದು ಇದನ್ನೇ. ಆದರೆ ಎರಡನೇ ಅಂಕ ಮುಗಿಯುವ ಹೊತ್ತಿಗೆ ರೇವಣಪ್ಪನಿಗೆ ಮೈಯೆಲ್ಲ ಮುಳ್ಳು. ದೊರೆಯನ್ನು ಆ ಸಭೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಒಬ್ಬ ರೋಗಿ ಯಜಮಾನನನ್ನು. ತಾನು ಕೂಗಲಿ, ಪಿಸುಗುಡಲಿ, ತಲೆಕೆಳಗಾಗಿ ನಿಲ್ಲಲಿ, ಅವರು ಅಳುವವರೇ. ಇಷ್ಟು ಸಲೀಸಾಗಿ ಅಳುವ ಜನರ ಮುಂದೆ ಅಭಿನಯಿಸುವುದಕ್ಕಿಂತ ಪಾರ್ಕಿಂಗ್ ಲಾಟಿನಲ್ಲಿ ಅಭಿನಯಿಸುವುದು ಮೇಲು ಎನ್ನಿಸಿತು.

ಮೂರನೇ ಅಂಕ ಬಂತು. ಸೇನಾಪತಿ ಇರಿದ, ದೊರೆ ಬಿದ್ದ. ದಿನೇಶ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಬಿಸಿ ಕಣ್ಣೀರು ಟಪಟಪ ಎಂದು ದೊರೆಯ ಹಣೆಯ ಮೇಲೆ ಬಿದ್ದು ಬಣ್ಣ ಕದಡತೊಡಗಿತು. ರೇವಣಪ್ಪ ಸಹಿಸಲಾರದೆ ತುಟಿ ಅಲುಗಿಸದೆ ಹೇಳಿದ:

"ಲೇ ತಮ್ಮಾ. ಅಳಬ್ಯಾಡ. ನನಗೇನೂ ಆಗಿಲ್ಲ."

"ಹಾಗನ್ಬೇಡಿ ಅಂಕಲ್. ನಂಗೆಲ್ಲಾ ಗೊತ್ತು."

"ನಿನಗೇನೂ ಗೊತ್ತಿಲ್ಲ. ನನಗ ರೋಗ ಇಲ್ಲ, ರುಜಿನ ಇಲ್ಲ. ಆ ಚಿತ್ರ ತಪ್ಪು ಮಾಡಿಸಿಬಿಟ್ಟೀನಿ. ಅದು ಸತ್ತವರದಂತ. ನನಗೂ ಈಗ ತಿಳೀತು."

ದಿನೇಶನ ಕಣ್ಣೀರು ಕೊಳಾಯಿ ತಿರುಗಿಸಿದ ಹಾಗೆ ನಿಂತಿತು. ಸಾಯುವ ದೊರೆ ಮಗನ ಕಿವಿಯಲ್ಲಿ ರಾಜ್ಯದ ಗುಟ್ಟು ಹೇಳುತ್ತಿದ್ದಾನೆ ಎಂದುಕೊಂಡು ಮೊದಲ ಸಾಲಿನವರು ಮುಂದೆ ಬಾಗಿದರು.

"ಮತ್ತೆ ಹಯಾಶಿ ಸಾನ್ ನನ್ನ ಕರೆದು, ರೇವಣಪ್ಪ ಸಾನ್‌ಗೆ ಜಾಸ್ತಿ ದಿನ ಇಲ್ಲ, ದಯವಿಟ್ಟು ಬಿಟ್ಟುಕೊಡಿ ಅಂದ್ರು?"

"ಅವರೂ ಚಿತ್ರ ನೋಡಿನ ಅಂದಿದ್ದು."

"ನಾನು ರೋಲ್ ಬಿಟ್ಟುಕೊಟ್ಟೆ ಅಂಕಲ್! ನಮ್ಮಮ್ಮ ಊರಲ್ಲೆಲ್ಲ ಹೇಳ್ಕೊಂಡು ಬಂದಿದ್ರು, ಮಗ ದೊರೆ ಆಗ್ತಾನೆ ಅಂತ. ನಿಮ್ಮ ಹೆಸರಲ್ಲಿ ಮೃತ್ಯುಂಜಯ ಹೋಮ ಬೇರೆ ಮಾಡಿಸಿದೀನಿ!"

"ದೇವರು ನಿನ್ನ ಚಲೋ ಇಡ್ಲಿ. ಅದು ಫಲಿಸೈತಿ ಅನ್ಕೋ. ಈಗ ಅಳು."

"ಬರ್ತಿಲ್ಲ."

"ಅಳೋ. ಜನ ನೋಡ್ಲಿಕತ್ತಾರ."

"ಸಿಟ್ಟು ಬರ್ತಿದೆ. ಅಳು ಎಲ್ಲಿಂದ ತರ್ಲಿ?"

ರಂಗದ ಬದಿಯಲ್ಲಿ ಸಾಕೇತ್ ಎರಡೂ ಕೈಯಲ್ಲಿ ಕೂದಲು ಹಿಡಿದುಕೊಂಡಿದ್ದ. ರೇವಣಪ್ಪ ಕಾಲ ಕಳೆಯಲು ಒಮ್ಮೆ ನರಳಿ, ಎದ್ದು ಕೂತು ತಾಯ್ನೆಲದ ಮಾತುಗಳಲ್ಲಿ ಅರ್ಧ ಹೇಳಿ ಮತ್ತೆ ತೊಡೆಯ ಮೇಲೆ ಬಿದ್ದ. ಬಿದ್ದವನು ಕಣ್ಣುಮುಚ್ಚಿಕೊಂಡೇ, ಜೀವಮಾನದಲ್ಲಿ ಆಡುತ್ತೇನೆಂದು ಎಣಿಸಿರದ ಮಾತನ್ನು ಆಡಿದ.

"ಮುಂದಿನ ವರ್ಷ ದೊರೆ ನೀ. ನಾ ಕಾಶಿಗೆ ಹೋಗ್ತೀನಿ."

"ಪ್ರಾಮಿಸ್?"

"ಶೈಲಾನ ಆಣಿ."

"ಆಂಟೀನ ಎಳೀಬೇಡಿ. ಇನ್ನೊಂದು. ಸೋಮವಾರ ಹಯಾಶಿ ಸಾನ್‌ಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಮೊದಲ ಸಾಲಿನಲ್ಲಿ ಕಪ್ಪು ಸೂಟಿನ ಹಯಾಶಿ ಕರವಸ್ತ್ರ ಹಿಡಿದು ಕೂತಿದ್ದನ್ನು ರೇವಣಪ್ಪ ರೆಪ್ಪೆಯ ಸಂದಿಯಿಂದ ನೋಡಿದ. ಕೆಲಸ ಉಳಿಯುತ್ತದೋ ಇಲ್ಲವೋ, ಕರಬೂಜವಂತೂ ತಿಂದು ಮುಗಿದಿತ್ತು.

"ಆತು. ಹೇಳ್ತೀನಿ. ಈಗರ ಅಳಪಾ."

ದಿನೇಶ ತಲೆ ಹಿಂದಕ್ಕೆ ಚೆಲ್ಲಿ "ಅಪ್ಪಾ!" ಎಂದು ಕೂಗಿದ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಎಲ್ಲವನ್ನೂ ಅವನು ಗಂಟಲಿನಿಂದ, ಭುಜದಿಂದ, ನಡುಗುವ ಬೆರಳುಗಳಿಂದ ತಯಾರಿಸಿದ. ಆ ಸಂಜೆ ಆ ರಂಗದ ಮೇಲೆ ನಡೆದ ಮೊದಲ ನಟನೆ ಅದು. ಸಭೆಗೆ ಸಭೆಯೇ ಅವನ ಕಡೆ ವಾಲಿತು. ಕಣ್ಣು ಮುಚ್ಚಿದ್ದರೂ ರೇವಣಪ್ಪನಿಗೆ ಅದು ತಿಳಿಯಿತು. ಜನರ ನೋಟ ತನ್ನ ಮೇಲಿಂದ ಎದ್ದು ಒಂದು ಗೇಣು ಮೇಲೆ, ಆ ಹುಡುಗನ ಮುಖಕ್ಕೆ ಹೋಗಿ ಕೂತದ್ದು ಬಿಸಿಲು ಸರಿದ ಹಾಗೆ ಅವನ ಚರ್ಮಕ್ಕೆ ಗೊತ್ತಾಯಿತು. ಚಂದ ಮಾಡ್ತಾನ ಮಗ, ಎಂದುಕೊಂಡ. ಬಹಳ ಚಂದ. ಅಗತ್ಯಕ್ಕಿಂತ ಚಂದ.

ತಾಯ್ನೆಲದ ಮಾತುಗಳಲ್ಲಿ ಇನ್ನರ್ಧ ಬಾಕಿ ಇದ್ದವು. ದೊರೆ ಮೆಲ್ಲಗೆ ಬಾಯಿ ತೆರೆದ. ದಿನೇಶ ಎದೆ ಬಿರಿಯುವಂತೆ ಅಳುತ್ತಲೇ ರೇಷ್ಮೆಯ ಶಲ್ಯವನ್ನು ಅವನ ಮುಖದ ಮೇಲೆ ಪೂರ್ತಿ ಎಳೆದು, ಅಂಚು ಮೇಲೇಳದ ಹಾಗೆ ಎರಡೂ ಬದಿಗೆ ಕೈಯಿಟ್ಟು ಬಲವಾಗಿ ಒತ್ತಿ ಹಿಡಿದ.